ಬೀಗಿತ್ತಿಗೆ ಹೇಳಿದ ಹೂಂ

ನನ್ನ ಅಕ್ಕ ಉಮಾಶ್ರೀ ಈ ಜಗತ್ತಿನಲ್ಲಿ ತಗ್ಗುತ್ತಿದ್ದದ್ದು ಒಬ್ಬಳೇ ಹೆಂಗಸಿಗೆ. ಆ ಹೆಂಗಸಿಗೆ ಅದು ಗೊತ್ತೇ ಇರಲಿಲ್ಲ.

ಉಳಿದವರೆಲ್ಲ ಅಕ್ಕನಿಗೇ ಹೆದರುತ್ತಾರೆ. ಅಮೆರಿಕದ ಈ ಡಬ್ಲಿನ್ನಿನಲ್ಲಿ, ತಾನು ಕೆಲಸ ಮಾಡುವ ಡೇಕೇರಿನಲ್ಲಿ ಅವಳು ದನಿ ಎತ್ತಿದರೆ ಮಕ್ಕಳಷ್ಟೇ ಅಲ್ಲ, ಅವರನ್ನು ಕರೆದೊಯ್ಯಲು ಬಂದ ಅಪ್ಪಂದಿರೂ ಸಾಲಾಗಿ ನಿಲ್ಲುತ್ತಾರೆ. ಬಾಡಿದ ಮೆಂತ್ಯೆ ಸೊಪ್ಪಿನ ಕಟ್ಟನ್ನು ಮನೆಯಿಂದ ವಾಪಸು ಒಯ್ದು ಗ್ರೋಸರಿಯವನ ಮೂಗಿನ ಮುಂದೆ ಅಲ್ಲಾಡಿಸಿದವಳು ಅವಳು. ನಮ್ಮ ಭಾವ ಗುರುಶಾಂತಪ್ಪನವರು ಮನೆಯಲ್ಲಿ ಒಂದು ಮಾತನ್ನು ಪೂರ್ತಿ ಮುಗಿಸಿದ್ದನ್ನು ನಾನಂತೂ ಕೇಳಿಲ್ಲ. ಇಂಥ ಅಕ್ಕ ತನ್ನ ಮಗಳು ಆರತಿಯ ಅತ್ತೆ ಡಾರ್ಲೀನಳ ಎದುರು ಮಾತ್ರ ಬೆಕ್ಕಿನ ಮರಿಯಾಗುತ್ತಿದ್ದಳು. ಏನು ಕೇಳಿದರೂ 'ಯೆಸ್, ವೆರಿ ನೈಸ್.'

"ನಾವು ಹೆಣ್ಣು ಕೊಟ್ಟವರು. ಬೀಗರ ಮುಂದ ತಗ್ಗಿಬಗ್ಗಿ ನಡೀಬೇಕ," ಎನ್ನುತ್ತಿದ್ದಳು.

"ಅಕಿಗೇನ್ ಗೊತ್ತೈತಿ, ಹೆಣ್ಣಿನ ಕಡಿ ಯಾವುದು, ಗಂಡಿನ ಕಡಿ ಯಾವುದು?" ಎನ್ನುತ್ತಿದ್ದೆ ನಾನು.

"ನಮಗ ಗೊತ್ತೈತಲ್ಲ."

ಹುಬ್ಬಳ್ಳಿ ಬಿಟ್ಟು ಮೂವತ್ತು ವರ್ಷವಾದರೂ ಈ ಒಂದು ರೋಗವನ್ನು ಅಕ್ಕ ಬಿಟ್ಟು ಬರಲಿಲ್ಲ. ಮದುವೆಯಲ್ಲಿ ಬೀಗಿತ್ತಿಗೆ ಇಳಕಲ್ ಸೀರೆ ಆಯೇರಿ ಮಾಡಿದಳು. ಮುಂದೊಂದು ದಿನ ಡಾರ್ಲೀನ್ ಅದನ್ನು ಟ್ರಕ್ಕಿನ ಹಿಂದೆ ಹಾಸಿ, ಅದರ ಮೇಲೆ ಮಾಂಸದ ತಟ್ಟೆಗಳನ್ನಿಟ್ಟು, ಎಷ್ಟು ಚಂದ ಕಾಣುತ್ತದೆ ನೋಡು ಎಂದಳು. ಅಕ್ಕ ವೆರಿ ನೈಸ್ ಎಂದಳು. ಆಮೇಲೆ ನನ್ನ ಕಾರಿನಲ್ಲಿ ಕೂತು, ಮನೆ ಮುಟ್ಟುವವರೆಗೆ ಅವಳ ವಂಶವನ್ನೆಲ್ಲ ಜಾಲಾಡಿದಳು. ಬೈಗುಳ ಕೇಳಬೇಕಾದವಳು ಒಬ್ಬಳು, ಕೇಳಿಸಿಕೊಂಡವಳು ನಾನು.

ಸೀರೆ ಹಾಸಿದ್ದು ರೋಡಿಯೋದಲ್ಲಿ, ದನಗಾಹಿಗಳ ಆಟದ ಜಾತ್ರೆಯಲ್ಲಿ. ಡಾರ್ಲೀನಳ ಮನೆತನಕ್ಕೆ ಲಿವರ್‌ಮೋರ್ ಕಡೆಯ ಗುಡ್ಡಗಳಲ್ಲಿ ದನದ ರಾಂಚು ಇತ್ತು. ಅಳಿಯ ವೇಡ್ ಈಗ ಕಂಪ್ಯೂಟರ್ ಕುಟ್ಟುತ್ತಾನಾದರೂ ವರ್ಷಕ್ಕೊಮ್ಮೆ ಇಡೀ ಕುಟುಂಬ ಟೋಪಿ ಹಾಕಿಕೊಂಡು ರೋಡಿಯೋಗೆ ಹೋಗಲೇಬೇಕು. ಬೀಗರೂ ಬರಲೇಬೇಕು. ಅಲ್ಲಿ ಓಡುವ ಕರುವಿನ ಕೊರಳಿಗೆ ಹಗ್ಗ ಎಸೆದು, ನೆಲಕ್ಕೆ ಕೆಡವಿ, ಕಾಲು ಬಿಗಿಯುತ್ತಾರೆ. ಬಸವಣ್ಣನಿಗೆ ಕೈಮುಗಿದು ಬೆಳೆದ ಅಕ್ಕ ಆಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಖುಷಿಯಾಯಿತೇ ಎಂದು ಡಾರ್ಲೀನ್ ಕೇಳಿದರೆ ಕಣ್ಣು ತೆರೆದು ಅದೇ ಮಂತ್ರ.

ಈ ವರ್ಷ ಪೆಟ್ಟು ಬೇರೆ ಕಡೆಯಿಂದ ಬಂತು. ರೋಡಿಯೋದಲ್ಲಿ ಸಣ್ಣ ಮಕ್ಕಳಿಗೆ ಹೆಲ್ಮೆಟ್ ತೊಡಿಸಿ, ಕುರಿಯ ಬೆನ್ನ ಮೇಲೆ ಕೂರಿಸಿ ಓಡಬಿಡುವ ಆಟವೊಂದಿದೆ. ಆರತಿಯ ಮಗಳು ನೀಲಾಳಿಗೆ ಐದು ತುಂಬಿದೆ. ಅವಳನ್ನು ಕೂರಿಸಲೇ ಎಂದು ಡಾರ್ಲೀನ್ ಮೊದಲೇ ಫೋನು ಮಾಡಿ ಅಕ್ಕನನ್ನು ಕೇಳಿದ್ದಳು. ಅಕ್ಕ ಏನು ಹೇಳಿರಬಹುದೆಂದು ಬೇರೆ ಹೇಳಬೇಕಾಗಿಲ್ಲ. ಇಬ್ಬರು ಅಜ್ಜಿಯರೂ ಒಪ್ಪಿದ್ದಾರೆಂದು ಆರತಿಯೂ ಹೂಂ ಎಂದಳು. ಅಂದಿನಿಂದ ಅಕ್ಕ ನಿದ್ದೆ ಮಾಡಲಿಲ್ಲ. ಮೊಮ್ಮಗಳು ಬಿದ್ದು ಕತ್ತು ಮುರಿದುಕೊಳ್ಳುತ್ತಾಳೆಂದು ದಿನಾ ನನ್ನ ಹತ್ತಿರ ಅತ್ತಳು. ಬೀಗಿತ್ತಿಗೆ ಮಾತ್ರ ಹೇಳಲಿಲ್ಲ.

ಆ ದಿನ ಬೇಲಿಯ ಪಕ್ಕ ನಿಂತಿದ್ದೆವು. ನೀಲಾಳಿಗಿಂತ ಮುಂದಿದ್ದ ಹುಡುಗಿ ಕುರಿಯಿಂದ ಜಾರಿ ಬಿದ್ದಳು, ಬಾಯಿ ತುಂಬ ಮಣ್ಣು ಮಾಡಿಕೊಂಡು ಅಳುತ್ತ ಎದ್ದಳು. ಜನ ಚಪ್ಪಾಳೆ ತಟ್ಟಿದರು.

"ನೀನರ ಹೇಳವಾ," ಎಂದು ಅಕ್ಕ ನನ್ನ ಕೈ ಹಿಡಿದಳು.

"ನಾ ಯಾಕ ಹೇಳಲಿ? ಹೂಂ ಅಂದಾಕಿ ನೀನು."

ನೀಲಾಳನ್ನು ಕರೆದರು. ಡಾರ್ಲೀನ್ ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. ಅಕ್ಕ ನುಗ್ಗಿ ಹೋಗಿ ಮಗುವಿನ ರಟ್ಟೆ ಹಿಡಿದು, "ನೋ," ಎಂದಳು. ಗ್ರೋಸರಿಯವನಿಗೆ ಹೇಳುವ ದನಿಯಲ್ಲೇ ಹೇಳಿದಳು.

"ಓಕೆ," ಎಂದು ಡಾರ್ಲೀನ್ ಪಟ್ಟಿ ಬಿಚ್ಚಿದಳು.

ಅಷ್ಟೇ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡ ಬಿಸಿ ತುಪ್ಪಕ್ಕೆ ಸಿಕ್ಕ ಉತ್ತರ ಅಷ್ಟೇ. ನೀಲಾ ಕಾಲು ಬಡಿದು ಅರಚಿದಳು, "ಐ ಹೇಟ್ ಯೂ, ಅಜ್ಜಿ." ಹಾಗಾದರೆ ಫೋನಿನಲ್ಲಿ ಯೆಸ್ ಎಂದದ್ದು ಯಾಕೆ ಎಂದು ಡಾರ್ಲೀನ್ ಕೇಳಿದಳು. ಅಲ್ಲಿಗೆ ಅಕ್ಕನ ಕಟ್ಟೆ ಒಡೆಯಿತು. ಸೀರೆ, ಮಾಂಸ, ಕರು, ಈ ಧೂಳು, ಈ ಬಿಸಿಲು, ಯಾವುದನ್ನೂ ಬಿಡಲಿಲ್ಲ. ಡಾರ್ಲೀನಳ ಮುಖ ಕೆಂಪೇರಿತು.

"ನಿಮಗೆ ರೋಡಿಯೋ ಇಷ್ಟವೆಂದು ಪ್ರತಿ ವರ್ಷ ನಿಮ್ಮ ಟಿಕೆಟನ್ನೇ ಮೊದಲು ತಂದೆ," ಎಂದಳು ಇಂಗ್ಲಿಷಿನಲ್ಲಿ. "ಸೀರೆ ಹಾಸಿದಾಗ ಚಂದ ಇದೆ ಅಂದಿರಿ. ಇಷ್ಟು ವರ್ಷ ಬರೀ ಸುಳ್ಳು ಹೇಳಿದಿರಾ?"

"ಸುಳ್ಳಲ್ಲ. ರೆಸ್ಪೆಕ್ಟು," ಎಂದಳು ಅಕ್ಕ.

"ಅಂಥ ರೆಸ್ಪೆಕ್ಟನ್ನು ನಾನು ಕೇಳಿರಲಿಲ್ಲ," ಎಂದು ಡಾರ್ಲೀನ್ ಅಳುವ ಮಗುವನ್ನು ಎತ್ತಿಕೊಂಡು, ತಿರುಗಿ ನೋಡದೆ ಹೊರಟುಹೋದಳು.

ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಡಾರ್ಲೀನಳಿಗೆ ಹಾಗೇ ಆಗಬೇಕಿತ್ತು ಎನಿಸಿತು. ಅಕ್ಕನೂ ಸೆರಗು ಝಾಡಿಸಿ ನಿಂತಳು. ಅಷ್ಟರಲ್ಲಿ ಆರತಿ ನಮ್ಮ ಮುಂದೆ ಬಂದಳು. ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ ಅಂದು ತಡವರಿಸುತ್ತ ಕನ್ನಡದಲ್ಲಿ ಕೇಳಿದಳು.

"ಅವ್ವಾ, ವೇಡ್‌ನ ಮದುವಿ ಆಗ್ತೀನಿ ಅಂದಾಗ ನೀ ಯೆಸ್, ವೆರಿ ನೈಸ್ ಅಂದಿದ್ದಿ. ಅದೂ ಬರೇ ರೆಸ್ಪೆಕ್ಟೇನು?"

ಅಕ್ಕ ಆಟದ ಅಂಗಳದ ಕಡೆ ಮುಖ ತಿರುಗಿಸಿದಳು. ಅಲ್ಲಿ ಮಕ್ಕಳ ಆಟ ಮುಗಿದು, ಕರುವನ್ನು ಕೆಡವಿ ಕಾಲು ಕಟ್ಟುತ್ತಿದ್ದರು. ಈ ಸಲ ಕಣ್ಣು ಮುಚ್ಚದೆ ಅದನ್ನೇ ನೋಡುತ್ತ ನಿಂತಳು.

"ಅಂದಿದ್ದೆ," ಎಂದಳು.

ಮುಂದೇನಾದರೂ ಹೇಳುತ್ತಾಳೆಂದು ಆರತಿ ಕಾಯ್ದಳು. ಅಕ್ಕನ ಕಣ್ಣು ಕರುವಿನ ಮೇಲೇ ಇತ್ತು. ಆರತಿ ತಲೆಯಾಡಿಸಿ, ಅತ್ತೆ ಹೋದ ದಾರಿಯಲ್ಲೇ ಹೊರಟಳು.