ಓನರಮ್ಮ ಟೀವಿಯಲ್ಲಿ ಬಂದ ಸಂಜೆ

ಮೊನ್ನೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕೋಣವೆಂದು ಅಟ್ಟದಿಂದ ಇಳಿಸಿದೆ. ಮುಚ್ಚಳ ಬಿಚ್ಚಿದಾಗ ಒಣ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಟೀವಿ ಟ್ಯೂನರ್ ಕಾರ್ಡು ಇನ್ನೂ ಹಾಗೇ ಕೂತಿತ್ತು. ಶಿಡ್ಲಘಟ್ಟದ ನಮ್ಮ ಓನರಮ್ಮ ನೆನಪಾದರು…

ಮದುವೆಯಾದ ಹೊಸತರಲ್ಲಿ ನಾವು ಅವರ ಮಹಡಿಯಲ್ಲಿ ಬಾಡಿಗೆಗಿದ್ದೆವು. ಮನೆಯಲ್ಲಿ ಟೀವಿ ಇರಲಿಲ್ಲ. ನನ್ನವರ ಡಿಟಿಪಿ ಕೆಲಸದ ಕಂಪ್ಯೂಟರ್ ಇತ್ತು. ಅದಕ್ಕೇ ಟ್ಯೂನರ್ ಹಾಕಿಸಿದರೆ ಟೀವಿಯೂ ಆಗುತ್ತದೆ ಎಂದು ನಾವಿಬ್ಬರೂ ಆಸೆಪಟ್ಟುಕೊಂಡಿದ್ದೆವು. ಕೆಳಗೆ ಓನರಮ್ಮ. ಗಂಡ ತೀರಿಕೊಂಡ ಮೇಲೆ ಹಿತ್ತಿಲಿನಲ್ಲಿ ರೇಷ್ಮೆಹುಳು ಸಾಕಿ ಸಂಸಾರ ತೂಗಿಸಿದವರು. ಮನೆಯಲ್ಲಿ ತೆಲುಗು, ನಮ್ಮೊಡನೆ ಕನ್ನಡ.

ಒಂದು ಮಧ್ಯಾಹ್ನ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಓಡಿಬಂದರು. ಹಿಂದೆ ಯಾವಾಗಲೋ ಟೀವಿಯವರು ಕೃಷಿ ಕಾರ್ಯಕ್ರಮಕ್ಕೆಂದು ಅವರ ಹುಳುಮನೆಯನ್ನು ಚಿತ್ರೀಕರಿಸಿಕೊಂಡು ಹೋಗಿದ್ದರು. ಅದು ಈ ಶುಕ್ರವಾರ ಸಂಜೆ ಬರುತ್ತದಂತೆ. ಅವರ ಮನೆಯಲ್ಲಿ ಟೀವಿ ಇತ್ತು, ಆದರೆ ಚಿಂತೆಯೇ ಬೇರೆ. ಕಳವಾರದಲ್ಲಿದ್ದ ಅವರ ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಅಲ್ಲಿ ಬೆಟ್ಟದ ಮರೆಗೆ ಆಂಟೆನಾದಲ್ಲಿ ಬರೀ ಚುಕ್ಕಿ. ಸಿಡಿ ಹಾಕಿ ಸಿನಿಮಾ ನೋಡುವುದಷ್ಟೇ.

"ನಂಗೆ ಹುಳ ಸಾಕೋದು ಹೇಳ್ಕೊಟ್ಟಿದ್ದೇ ನಮ್ಮಕ್ಕ. ಅವಳು ನೋಡ್ದೆ ಹೋದ್ರೆ ನಾನು ಟೀವೀಲಿ ಬಂದು ಏನು ಬಂತಮ್ಮಾಯಿ?" ಎಂದರು.

ಮರುದಿನವೇ ಟ್ಯೂನರ್ ಕೊಳ್ಳಲು ಮೂವರೂ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆವು. ಅಂಗಡಿಯವರು ಒಂದು ಪುಟ್ಟ ಡಬ್ಬಿ ತೋರಿಸಿದರು. ಹೊರಗಡೆಯೇ ಇಟ್ಟು ಮಾನಿಟರಿಗೆ ಸಿಕ್ಕಿಸಿದರೆ ಸಾಕು, ಕಂಪ್ಯೂಟರ್ ಆನ್ ಮಾಡದೆಯೂ ಟೀವಿ ನೋಡಬಹುದು. ನನಗಂತೂ ಅದೇ ಹಿಡಿಸಿತು. ಓನರಮ್ಮ ಡಬ್ಬಿಯನ್ನು ತಿರುಗಿಸಿ ನೋಡಿ, ಬಂದ ಚಿತ್ರವನ್ನು ಇದು ಹಿಡಿದಿಟ್ಟುಕೊಳ್ಳುತ್ತದೆಯೇ ಎಂದು ಕೇಳಿದರು. ಅದಕ್ಕಾಗುವುದಿಲ್ಲ, ರೆಕಾರ್ಡ್ ಮಾಡಬೇಕಾದರೆ ಒಳಗೆ ಕೂರಿಸುವ ಕಾರ್ಡೇ ಬೇಕು ಎಂದರು ಅಂಗಡಿಯವರು. ಕಾರ್ಡು ಹಾಕಲು ಕಂಪ್ಯೂಟರಿನ ಸೀಲು ಒಡೆಯಬೇಕಿತ್ತು. ಒಡೆದರೆ ವಾರಂಟಿ ಹೋಗುತ್ತಿತ್ತು. ನನ್ನವರ ಅನ್ನವೇ ಅದು. ಓನರಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು ಬೀದಿಯ ಕಡೆ ತಿರುಗಿದರು.

ನಾನು ನನ್ನವರ ಮುಖ ನೋಡಿದೆ. ಅವರು ತಲೆಯಾಡಿಸಿದರು. "ಒಳಗೆ ಹಾಕೋದೇ ಕೊಡಿ" ಎಂದೆ.

ಮನೆಗೆ ಬಂದು ಕಾರ್ಡು ಕೂರಿಸಿದ್ದಾಯಿತು. ಮೊದಲು ಬರೀ ಚುಕ್ಕಿ, ಆಮೇಲೆ ಸದ್ದಿಲ್ಲದ ಚಿತ್ರ. ಕಾರ್ಡಿನಿಂದ ಒಂದು ವೈರು ಎಳೆದ ಮೇಲೆ ಸದ್ದೂ ಬಂತು. ಪುಟ್ಟ ಕಿಟಕಿಯಂಥ ಚೌಕದಲ್ಲಿ ವಾರ್ತೆ ಓದುವಾಕೆ ಕಾಣಿಸಿದಾಗ ನಾವು ಚಪ್ಪಾಳೆ ತಟ್ಟಿದೆವು.

ಶುಕ್ರವಾರ ಬೀದಿಯ ಹೆಂಗಸರೆಲ್ಲ ನಮ್ಮ ಕೋಣೆಯಲ್ಲಿದ್ದರು. ಓನರಮ್ಮ ಚಿತ್ರೀಕರಣದ ದಿನ ಉಟ್ಟ ಸೀರೆಯನ್ನೇ ಉಟ್ಟು ಬಂದಿದ್ದರು. ಸಂಗೀತ ಶುರುವಾಯಿತು, ನನ್ನವರು ರೆಕಾರ್ಡ್ ಒತ್ತಿದರು. ಅಗೋ, ತಟ್ಟೆ ತುಂಬ ಹುಳು, ಹಿಂದೆ ನಗುತ್ತಿರುವ ಓನರಮ್ಮ! ಕೂದಲು ಕೆದರಿದೆಯೆಂದು ಒಬ್ಬರು, ದಪ್ಪಗೆ ಕಾಣುತ್ತಾರೆಂದು ಇನ್ನೊಬ್ಬರು. ಅಷ್ಟರಲ್ಲಿ ಟೀವಿಯ ಓನರಮ್ಮ, ಹುಳು ಪೊರೆ ಬಿಡುವ ಜ್ವರದ ಹೊತ್ತಿಗೆ ಏನು ಮಾಡಬೇಕೆಂಬ ಮಾತಿಗೆ ಹಾರಿಬಿಟ್ಟರು. ನಮ್ಮ ಓನರಮ್ಮ ಎದ್ದು ನಿಂತರು.

"ಇದಕ್ಕೆ ಮುಂಚೆ ಅಕ್ಕನ ವಿಷ್ಯ ಹೇಳಿದ್ದೆ ಕಣಮ್ಮ, ಕಿತ್ತಾಕಿದ್ದಾರೆ. ನಂಗೆ ಬಂದಿದ್ದೆಲ್ಲ ಅವಳದ್ದೇ. ಅವಳಿಲ್ದಿದ್ರೆ ನಾನೂ ಮಕ್ಳೂ ಎಲ್ಲಿರ್ತಿದ್ವೋ…"

ಕಾರ್ಯಕ್ರಮ ಮುಗಿಯಿತು. ರೆಕಾರ್ಡ್ ಆದದ್ದನ್ನು ಹಾಕಿ ನೋಡಿದರೆ ನನ್ನವರ ಮುಖ ಇಳಿಯಿತು. ರೆಕಾರ್ಡಿಗೆ ಟೀವಿಯ ಸದ್ದಿನ ಬದಲು ಕಂಪ್ಯೂಟರಿನ ಮೈಕನ್ನು ಆಯ್ಕೆ ಮಾಡಿಬಿಟ್ಟಿದ್ದರು. ಟೀವಿಯ ಮಾತು ದೂರದಿಂದ ಬಂದ ಹಾಗಿತ್ತು. ಕೋಣೆಯ ಗಲಾಟೆಯೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಆಮೇಲೆ ಅಕ್ಕನ ಬಗ್ಗೆ ಆಡಿದ ಆ ಮಾತು ಬಂತು. ಎಲ್ಲಕ್ಕಿಂತ ಜೋರಾಗಿ ಬಂತು. ಓನರಮ್ಮ ಕೇಳಿಸಿಕೊಂಡು, ಹೀಗೇ ಇರಲಿ, ಇದೇ ಬೇಕು ಎಂದು ನಗುತ್ತಾ ಕಣ್ಣೊರೆಸಿಕೊಂಡರು.

ಭಾನುವಾರ ಅದನ್ನು ಸಿಡಿಗೆ ಇಳಿಸಿಕೊಂಡು ಕಳವಾರಕ್ಕೆ ಹೋದೆವು. ದಿಂಬಿಗೊರಗಿ ಕೂತ ಅಕ್ಕ ಹುಳುಗಳನ್ನು ನೋಡಿ, ಸೊಪ್ಪು ಜಾಸ್ತಿಯಾಯಿತೆಂದು ತಂಗಿಯನ್ನು ಗದರಿದರು. ಆ ಮಾತು ಬಂದಾಗ ತಂಗಿಯ ಕೈ ಹಿಡಿದು, "ಇನ್ನೊಂದ್ಸಲ ಹಾಕೇ" ಎಂದರು. ನಾವು ಬಸ್ಸಿಗೆ ಹೊರಡುವ ತನಕ ಅದು ಓಡುತ್ತಲೇ ಇತ್ತು.

ಗೌರಿಬಿದನೂರಿಗೆ ಬಂದು ನೆಲೆಸಿದ ಮೇಲೆ ಹೋಗಿಬರುವುದು ಕಡಿಮೆಯಾಯಿತು. ಅಕ್ಕ ತೀರಿಕೊಂಡರು. ಅವರ ಹಿಂದೆಯೇ ಓನರಮ್ಮನೂ ಹೋದರು. ಹಾಕಿ ಹಾಕಿ ಆ ಸಿಡಿ ಸವೆದುಹೋಯಿತಂತೆ. ನಮ್ಮ ಹಾರ್ಡ್ ಡಿಸ್ಕ್ ಅದಕ್ಕೂ ಮೊದಲೇ ಕೆಟ್ಟಿತ್ತು. ಓನರಮ್ಮ ಆ ಸಂಜೆ ಆಡಿದ ಒಂದೊಂದು ಮಾತನ್ನೂ ಈಗಲೂ ಹೇಳಬಲ್ಲೆ. ದನಿ ಮಾತ್ರ, ಎಷ್ಟು ನೆನೆಸಿಕೊಂಡರೂ ಕಿವಿಗೆ ಬರುವುದಿಲ್ಲ…