ತಗಡಿನ ಅಳು ಕೇಳುವ ಮಗಳು

ಸುತ್ತಿಗೆಯನ್ನು ಒಂದು ದಿನವೂ ಹಿಡಿಯದ ಕೈ ಸುತ್ತಿಗೆಯವರ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ ಸರಿ. ಕಸಬಿನ ವಿಷಯದಲ್ಲಿ ತಪ್ಪು ನುಸುಳಿದ್ದರೆ ಬಲ್ಲವರು ಮನ್ನಿಸಬೇಕು. ಈಗ ಪತ್ರಿಕೆಯಲ್ಲಿ ಬರೆಯದಿದ್ದರೆ ಮುಂದೆ ಯಾರೂ ಬರೆಯಲಾರರೇನೋ ಎಂಬ ಅಳುಕಿನಿಂದಷ್ಟೇ ಈ ಸಾಹಸ.

ಸೋಮವಾರ. ಕೇತಮಾರನಹಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಾಜಾಜಿನಗರದ ಹೊಸ ಸೈಟುಗಳ ಗುರುತುಕಲ್ಲುಗಳು ಡಿಸೆಂಬರಿನ ಮಂಜಿನಲ್ಲಿ ಕಾಣುತ್ತಿಲ್ಲ. ಊರಂಚಿನ ತಗಡು ಸೂರಿನ ಕೊಟ್ಟಿಗೆಯಲ್ಲಿ ಐವತ್ತಾರು ವರ್ಷದ ವೀರಾಚಾರಿ ಕುಲುಮೆಗೆ ಇದ್ದಿಲು ಸುರಿಯುತ್ತಾರೆ. ಹತ್ತೊಂಬತ್ತರ ಮಗಳು ಜಗದಾಂಬಾ ತಂದೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಎದುರು ಕೂರುತ್ತಾಳೆ. ಇನ್ನು ಕತ್ತಲಾಗುವವರೆಗೆ ಅದೇ ಪಾದವನ್ನು ಅವಳು ತನ್ನ ಕಾಲಿನಿಂದ ಒತ್ತುತ್ತಿರಬೇಕು. ಇಡೀ ದಿನದ ಕ್ಷಮೆಯನ್ನು ಬೆಳಿಗ್ಗೆಯೇ ಕೇಳಿಬಿಡುತ್ತಾಳೆ.

ತಾಮ್ರದ ತಗಡು ಏಟು ಬಿದ್ದಷ್ಟೂ ಗಡುಸಾಗುತ್ತದೆ. ತೀರ ಗಡುಸಾದಾಗ ಅದರ ಸದ್ದು ಸಣ್ಣಗಾಗಿ ಎಳೆಯುತ್ತದೆ. ಈ ಮನೆಯವರು ಅದನ್ನು ತಗಡು ಅಳುವುದು ಅನ್ನುತ್ತಾರೆ. ಅತ್ತ ಕೂಡಲೇ ಸುತ್ತಿಗೆ ನಿಲ್ಲಿಸಿ, ಬೆಂಕಿಗೆ ಹಿಡಿದು ಮೆತ್ತಗೆ ಮಾಡಬೇಕು. ನಾಲ್ಕು ಏಟು ಹೆಚ್ಚಾದರೂ ಸೀಳುತ್ತದೆ. ನಲವತ್ತು ವರ್ಷ ಹಂಡೆ, ಕೊಡಪಾನ ಬಡಿದ ವೀರಾಚಾರಿಗೆ ಆ ಅಳು ಕೇಳಿಸುವುದಿಲ್ಲ. ಅವರ ಎರಡು ಕಿವಿಯೂ ಹೋಗಿ ಆರು ವರ್ಷವಾಯಿತು. ಮಗಳು ಕೇಳುತ್ತಾಳೆ. ಅವಳ ಎರಡು ಕೈಯೂ ತಗಡು ಹಿಡಿದಿರುವುದರಿಂದ ಕಾಲಲ್ಲಿ ತಿಳಿಸುತ್ತಾಳೆ, ದಿನಕ್ಕೆ ಹದಿನೈದು ಇಪ್ಪತ್ತು ಸಲ.

"ಮೊದ್ಲು ಪ್ರತಿ ಸಲಾನೂ ಮುಟ್ಟಿ ಕಣ್ಗೊತ್ಕೊಳ್ತಿದ್ಲು," ಎಂದು ವೀರಾಚಾರಿ ಬೀದಿಯ ಆ ತುದಿಗೂ ಕೇಳುವಂತೆ ಹೇಳುತ್ತಾರೆ. "ಹಿಂಗಾದ್ರೆ ಹಂಡೆ ಆಗೋದು ಯಾವಾಗ ಕಣೇ, ಎಲ್ಲಾ ಬೆಳಿಗ್ಗೇನೇ ಮುಗಿಸ್ಬಿಡು ಅಂದೆ."

ಮೊದಲು ಅವರ ಕುಲುಮೆ ಪೇಟೆಯಲ್ಲಿತ್ತು. ಸದ್ದಿಗೆ ಬೇಸತ್ತ ನೆರೆಯವರು ಎಬ್ಬಿಸಿದ ಮೇಲೆ ಇಲ್ಲಿಗೆ ಬಂದರು. ಹೆಂಡತಿ ತೀರಿಕೊಂಡ ವರ್ಷವೇ ಕಿವಿ ಪೂರ್ತಿ ಹೋಯಿತು. ಹದಿಮೂರರ ಹುಡುಗಿ ಶಾಲೆ ಬಿಟ್ಟು ಎದುರು ಕೂತಳು. ಈಚೆಗೆ ಎಲ್ಲೆಲ್ಲೂ ಅಲ್ಯೂಮಿನಿಯಂ ಪಾತ್ರೆ. ಹಂಡೆ ಕೇಳುವವರೇ ಕಡಿಮೆ. ಹಾಗಿರುವಾಗ, ಮಾಗಡಿ ರಸ್ತೆಯ ಟೋಲ್‌ಗೇಟಿನ ಬಳಿ ಹೋಟೆಲು ತೆರೆಯಲಿರುವ ಚಕ್ರಪಾಣಿ ಬಾಗಿಲಲ್ಲಿ ನಿಲ್ಲಿಸಲು ಆಳೆತ್ತರದ ತಾಮ್ರದ ಹಂಸ ಬೇಕೆಂದರು. ಸಂಕ್ರಾಂತಿಗೆ ಹೋಟೆಲಿನ ಪ್ರಾರಂಭ.

ಒಡಲು, ರೆಕ್ಕೆ ಸಿದ್ಧವಾಗಿವೆ. ಉಳಿದಿರುವುದು ಕುತ್ತಿಗೆ. ಬೆಸುಗೆಯಿಲ್ಲದೆ ಒಂದೇ ತಗಡಿನಲ್ಲಿ ಬಾಗಿದ ಕುತ್ತಿಗೆ ಎಬ್ಬಿಸುವುದು ವೀರಾಚಾರಿಗೆ ತಂದೆಯಿಂದ ಬಂದ ವಿದ್ಯೆ. ಬೆಂಗಳೂರಿನಲ್ಲಿ ಮತ್ತಾರಿಗೂ ಅದು ಬಾರದೆಂದು ಅವರು ಹೇಳುತ್ತಾರೆ. ವಿಚಾರಿಸಿ ಖಚಿತ ಮಾಡಿಕೊಳ್ಳಲು ಆಗಲಿಲ್ಲ.

ಆ ಸೋಮವಾರ ಸಂಜೆ ಕುತ್ತಿಗೆ ಸೀಳುತ್ತದೆ.

"ಕಾಲು ಜೋಮು ಹಿಡಿದಿತ್ತು ಕಣಪ್ಪಾ, ಒತ್ತೋಕಾಗ್ಲಿಲ್ಲ," ಎನ್ನುತ್ತಾಳೆ ಜಗದಾಂಬಾ. ತುಟಿಯ ಚಲನೆಯಿಂದ ಮಾತು ತಿಳಿಯುವ ವೀರಾಚಾರಿ ತಲೆಯಾಡಿಸಿ ಹೊಸ ತಗಡು ಕತ್ತರಿಸುತ್ತಾರೆ. ಬುಧವಾರ ಎರಡನೆಯದೂ ಸೀಳುತ್ತದೆ. ಈ ಸಲ ಅವಳು ಕಾರಣ ಹೇಳುವುದಿಲ್ಲ. ಅವರು ಮೂರನೆಯ ತಗಡು ಕತ್ತರಿಸುತ್ತಾರೆ.

ಗುರುವಾರ ಬೆಳಿಗ್ಗೆ ಹಾಲಿನ ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಮೂರು ಸಲ ಕೂಗುತ್ತಾರೆ. ಬಾಗಿಲಿಗೆ ಬೆನ್ನು ಮಾಡಿ ಕೂತ ಜಗದಾಂಬಾ ತಿರುಗುವುದಿಲ್ಲ.

"ಏನೇ ದೊರೆಸಾನಿ, ಗಂಟ್ಲು ಹರ್ಕೊಂಡ್ರೂ ಕೇಳಾಕಿಲ್ವಾ? ನಿಮ್ಮಪ್ಪನ ಕಿವಿ ನಿಂಗೂ ಬಂತೇನೇ?"

ಮುನಿಲಕ್ಷ್ಮಮ್ಮ ತಮಾಷೆಗೆ ಅಂದದ್ದು. ಎದುರಿಗಿದ್ದ ವೀರಾಚಾರಿ ಆಕೆಯ ತುಟಿಯಿಂದ ಅಷ್ಟನ್ನೂ ಓದಿಕೊಳ್ಳುತ್ತಾರೆ. ಹಾಲು ಅಳೆದು ಆಕೆ ಹೋದ ಮೇಲೆ ಸುತ್ತಿಗೆ ಕೆಳಗಿಡುತ್ತಾರೆ.

"ಏಳು. ಇನ್ಮೇಲೆ ಇಲ್ಲಿ ಕೂತ್ಕೋಬೇಡ."

"ನಾನೆದ್ರೆ ತಗಡು ಅಳೋದು ನಿಂಗ್ಯಾರಪ್ಪಾ ಹೇಳ್ತಾರೆ?"

"ನಿಂಗೆ ಕೇಳ್ತದಾ?"

"ದಪ್ಪ ತಗಡಿಂದು ಕೇಳ್ತದೆ," ಎನ್ನುತ್ತಾಳೆ ಜಗದಾಂಬಾ. ಕುತ್ತಿಗೆಯ ತೆಳು ತಗಡಿನ ಮಾತು ಎತ್ತುವುದಿಲ್ಲ. ಎದ್ದೂ ಹೋಗುವುದಿಲ್ಲ.

ಅವಳನ್ನು ಎಬ್ಬಿಸಿದರೆ ಹಂಸವಿಲ್ಲ. ಕೂರಿಸಿಕೊಂಡರೆ ಅವಳಲ್ಲಿ ಉಳಿದಿರುವ ಕಿವಿಯೂ ಈ ಕುತ್ತಿಗೆಗೇ ಹೋಗುತ್ತದೆ. ಅಂದು ಮಧ್ಯಾಹ್ನದವರೆಗೆ ಕೊಟ್ಟಿಗೆಯಲ್ಲಿ ಸುತ್ತಿಗೆಯ ಸದ್ದಿಲ್ಲ. ವೀರಾಚಾರಿ ಸೀಳಿದ ತಗಡನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಿರುತ್ತಾರೆ.

ಹಂಸ ಎಲ್ಲಿಗೆ ಬಂತೆಂದು ನೋಡಲು ಚಕ್ರಪಾಣಿ ಬರುತ್ತಾರೆ. "ಏನ್ ಆಚಾರ್ರೇ, ಕುತ್ತಿಗೇನೇ ಇಲ್ವಲ್ಲ! ಹಂಸ ಕೇಳಿದ್ರೆ ಆಮೆ ಕೊಡ್ತೀರಾ?"

ವೀರಾಚಾರಿಗೆ ನಗು ಬರುವುದಿಲ್ಲ. "ಎರಡು ತುಂಡು ಮಾಡಿ ಬೆಸೀತೀನಿ ಸ್ವಾಮಿ. ಬೆಸುಗೆ ಗೆರೆ ಕಾಣ್ತದೆ. ಆಗ್ಬೋದಾ?"

"ದೋಸೆ ತಿನ್ನೋಕೆ ಬರೋರು ಗೆರೆ ನೋಡ್ತಾರೇನ್ರೀ?"

ಅಷ್ಟು ಸಲೀಸಾಗಿ ಒಪ್ಪಿಬಿಟ್ಟದ್ದೇ ವೀರಾಚಾರಿಗೆ ಸಹಿಸಲಾಗದ್ದು. ಎರಡು ತುಂಡಾದರೆ ಒಂದೊಂದರ ಬಾಗೂ ಕಡಿಮೆ, ತಗಡನ್ನು ಅಳುವವರೆಗೆ ಬಡಿಯಬೇಕಿಲ್ಲ. ಇನ್ನೂರು ಏಟು ಎಣಿಸಿ ಬೆಂಕಿಗೆ ಹಿಡಿದರಾಯಿತು, ಕೇಳುವವರು ಬೇಡ. ಈಗ ಅವರು ಒಳಗೆ ಒಬ್ಬರೇ ಎಣಿಸುತ್ತ ಬಡಿಯುತ್ತಾರೆ. ಜಗದಾಂಬಾ ದೂರದ ಹೊಂಗೆ ಮರದ ಕೆಳಗೆ ಕೂತು ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಹುಣಸೆಹುಳಿ ಹಚ್ಚಿ ಉಜ್ಜುತ್ತಾಳೆ.

"ನಮ್ಮಪ್ಪ ಇದ್ದಿದ್ರೆ ಆ ಗೆರೆ ನೋಡಿ ನನ್ನನ್ನ ಆಚೆಗೆ ಅಟ್ತಿದ್ರು," ಎನ್ನುತ್ತಾರೆ ವೀರಾಚಾರಿ. "ಪೇಪರ್‌ನಲ್ಲಿ ಹಾಕೋದಾದ್ರೆ ಗೆರೆ ಇದೆ ಅಂತಾನೇ ಹಾಕಿ. ಮುಚ್ಚಿಡ್ಬೇಡಿ."

ಗೆರೆಯ ವಿಷಯ ಬರೆದರೆ ಮಗಳ ಕಿವಿಯ ವಿಷಯವೂ ಬರುತ್ತದೆ. ಮದುವೆಯ ಮಾತು ನಡೆಯುವ ವಯಸ್ಸಿನವಳು. ಹೆಸರು ಬದಲಿಸೋಣವೇ ಎಂದು ಜಗದಾಂಬೆಯನ್ನು ಎರಡು ಸಲ ಕೇಳಿದ್ದಾಯಿತು.

"ಬೇಡಿ. ನನ್ನ ಹೆಸರೇ ಹಾಕಿ," ಎನ್ನುತ್ತಾಳೆ. "ಆ ಹಂಸದಲ್ಲಿ ಅರ್ಧ ನಂದು."

ಅವಳನ್ನು ಇನ್ನೂ ಡಾಕ್ಟರಿಗೆ ತೋರಿಸಿಲ್ಲ. ಸಂಕ್ರಾಂತಿ ಕಳೆಯಲಿ ಎನ್ನುತ್ತಾಳೆ. ಅವಳ ಕಿವಿ ಎಷ್ಟು ಹೋಗಿದೆ, ತಂದೆ ತಮ್ಮ ವಿದ್ಯೆಯನ್ನು ಬಿಟ್ಟುಕೊಟ್ಟಿದ್ದರಿಂದ ಅದರಲ್ಲಿ ಏನಾದರೂ ಉಳಿಯುತ್ತದೆಯೋ ಇಲ್ಲವೋ, ಗೊತ್ತಿಲ್ಲ.