ಖಾಲಿ ಬಿಟ್ಟ ಫಾರ್ಮು

ನಮ್ಮಕ್ಕ ಅರ್ಥಶಾಸ್ತ್ರದ ಪ್ರೊಫೆಸರ್. ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂಕಿಗಳಿಂದ ಅಳೆಯುವ ಇಕೊನೊಮೆಟ್ರಿಕ್ಸ್ ಅವಳ ವಿದ್ಯೆ. ಚಿಕ್ಕಂದಿನಲ್ಲಿ ಮೆಟ್ಟಿಲು ಹತ್ತುವಾಗಲೂ ಎಣಿಸುತ್ತಿದ್ದಳು. ಅಪ್ಪ 'ಲೆಕ್ಕದ ಹುಳ' ಅನ್ನುತ್ತಿದ್ದರು. ನಾನು ನರ್ಸಾದೆ. ನನಗೆ ಅಡ್ಡಹೆಸರಿಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಮೂವತ್ತೆರಡಕ್ಕೆ ಅವಳಿಗೆ ಹೆಸರು ತಂದದ್ದು ಒಂದು ಲೇಖನ: ಸಣ್ಣ ಹೆರಿಗೆ ಆಸ್ಪತ್ರೆಗಳಿಗೆ ಜನ ಬರುವುದೇ ಕಡಿಮೆ, ಮುಚ್ಚಿದರೆ ನಷ್ಟವಿಲ್ಲ. ಸರ್ಕಾರ ಹನ್ನೊಂದನ್ನು ಮುಚ್ಚಿತು. ನಾನಿದ್ದ ಹೆರಿಗೆ ಆಸ್ಪತ್ರೆ ಹೇಗೋ ಬಚಾವಾಯಿತು. ಇಪ್ಪತ್ತೇಳು ವರ್ಷ ಅದನ್ನೇ ಪಾಠ ಮಾಡಿದಳು ಮಹಾತಾಯಿ. ಈ ವರ್ಷ ಅದೇ ಲೇಖನ ಹಿಡಿದು ಮುಚ್ಚಬೇಕಾದ ಆಸ್ಪತ್ರೆಗಳ ಹೊಸ ಪಟ್ಟಿ ಬಂತು. ಅದರಲ್ಲಿ ನಮ್ಮ ಆಸ್ಪತ್ರೆಯಿತ್ತು.

ಕಾಲೇಜಿನ ಅವಳ ಕೊಠಡಿಗೇ ನುಗ್ಗಿದೆ. "ತೋರ್ಸು, ನಮ್ಮ ಹೆಸ್ರ ಮುಂದೆ ಏನ್ ಬರ್ದಿದೀಯ?"

ಹಳೆಯ ಕಡತ ತೆರೆದಳು. ನಮ್ಮ ಸಾಲಿನಲ್ಲಿ ಐದು ತಿಂಗಳು ಹೆರಿಗೆ ಸೊನ್ನೆ.

"ಸೊನ್ನೆನಾ? ಆಗ ಒಂದೊಂದು ಮಂಚದಲ್ಲಿ ಇಬ್ಬಿಬ್ರು ಮಲಗಿದ್ರು ಕಣಕ್ಕಾ! ತಲೆ ಕೆರ್ಕೊಳ್ಳೋಕೂ ಪುರುಸೊತ್ತಿರ್ಲಿಲ್ಲ. ತಿಂಗ್ಳ ಲೆಕ್ಕದ ಫಾರ್ಮು ಖಾಲಿ ಬಿಟ್ಟಿದ್ದೆ."

"ಖಾಲಿ ಇದ್ದದ್ದನ್ನ ಕಂಪ್ಯೂಟರ್ ಸೊನ್ನೆ ಅಂತ ಓದ್ಕೊಂಡಿದೆ," ಅಂದಳು ಸಣ್ಣ ದನಿಯಲ್ಲಿ.

"ಕಂಪ್ಯೂಟರಂತೆ! ಒಂದ್ ಫೋನ್ ಮಾಡಿ ಕೇಳ್ಬೋದಿತ್ತಲ್ಲ? ತಂಗಿ ಸತ್ತಿದ್ಳಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಹೆಚ್ಚಿದ್ದ ಕಡೆಯೇ ಫಾರ್ಮುಗಳು ಖಾಲಿ ಬಿದ್ದಿದ್ದವು; ಇವಳ ಲೆಕ್ಕದಲ್ಲಿ ಅವೇ ಕೆಲಸವಿಲ್ಲದ ಆಸ್ಪತ್ರೆಗಳು. ಓದಿದವರ ದಡ್ಡತನಕ್ಕೆ ಮದ್ದೆಲ್ಲಿದೆ?

ವಾರವಿಡೀ ಕೂತು ಮತ್ತೆ ಲೆಕ್ಕ ಹಾಕಿದಳು. ಹಳೆಯ ತೀರ್ಮಾನ ನಿಲ್ಲಲಿಲ್ಲ. ಲೇಖನ ವಾಪಸ್ ತೆಗೆದುಕೊಳ್ಳುತ್ತೇನೆ ಎಂದಾಗ ವಿಭಾಗದ ಮುಖ್ಯಸ್ಥರು ಬಾಗಿಲು ಮುಂದೆ ಮಾಡಿದರಂತೆ.

"ಮೇಡಂ, ರಿಟೈರಾಗೋಕೆ ನಾಲ್ಕೇ ತಿಂಗ್ಳು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

"ಇದು ಅಡಿಕೆಯಷ್ಟಲ್ಲ ಸಾರ್," ಎಂದು ಬಂದು, ತಪ್ಪು ತನ್ನದೇ ಎಂದು ಲೇಖನ ಅಚ್ಚಾಗಿದ್ದ ಪತ್ರಿಕೆಗೂ ಸರ್ಕಾರಕ್ಕೂ ಬರೆದಳು.

ಹೊಸ ಪಟ್ಟಿ ರದ್ದಾಯಿತು. ಅವಳ ಬೀಳ್ಕೊಡುಗೆಗೆ ಸಹೋದ್ಯೋಗಿಗಳು ನಾಲ್ವರೂ ಸೇರಲಿಲ್ಲ. ಸೇರದಿದ್ದರೆ ಅಷ್ಟೇ ಹೋಯಿತು.

ಉಳಿದುಕೊಂಡ ನಮ್ಮ ಆಸ್ಪತ್ರೆಯನ್ನು ನೋಡಬೇಕೆಂದು ಒಂದು ಮಧ್ಯಾಹ್ನ ಬಂದಳು. ಅದೇ ಹೊತ್ತಿಗೆ ಒಬ್ಬ ಹುಡುಗಿಯನ್ನು ಕರೆತಂದರು. ದಾರಿಯಲ್ಲಿ, ಬಾಡಿಗೆ ಕಾರಿನಲ್ಲೇ ಹೆರಿಗೆಯಾಗಿತ್ತು. ಮಗುವನ್ನು ಉಳಿಸಲಾಗಲಿಲ್ಲ.

ನಾನು ಹೊರಗೆ ಬಂದಾಗ ಅಕ್ಕ ಆ ಹುಡುಗಿಯ ತಾಯಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದಳು.

"ನಿಮ್ಮೂರಲ್ಲಿ ಆಸ್ಪತ್ರೆ ಇಲ್ವಾ ತಾಯಿ?"

"ಇತ್ತಮ್ಮ. ಯಾರೂ ಬರಲ್ಲ ಅಂತ ಮುಚ್ಚಿದ್ರು. ಯಾವ ಪುಣ್ಯಾತ್ಮ ಹೇಳಿದ್ನೋ."

"ನಾನೇ ಹೇಳಿದ್ದು," ಅಂದಳು ಅಕ್ಕ.

ನಾನು ಅವಳ ಕೈಹಿಡಿದು ಆಚೆ ಎಳೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ.